ಕಾರಣದ ಕಾಲಂ

ಸಂಘದ ವಹಿಯಲ್ಲಿ ಹೆಸರಿಗೆ ಜಾಗ ಇದೆ,
ಮೊತ್ತಕ್ಕೆ ಇದೆ, ಹೆಬ್ಬೆಟ್ಟಿಗೂ ಧಾರಾಳ ಇದೆ.
ಕಾರಣಕ್ಕೆ ಮಾತ್ರ ಒಂದು ಬೆರಳಗಲ.
ಅಷ್ಟರೊಳಗೇ ಬರೆಯಬೇಕು ನಾನು,
ಝುವಾರಿನಗರದ ಈ ತಗಡಿನ ಕೆಳಗೆ,
ಮಂಗಳವಾರ ಮಂಗಳವಾರ, ದೀಪ ಹಚ್ಚಿದ ಮೇಲೆ.

ಹೊಲಿಗೆ ಯಂತ್ರ ಎಂದು ಬರೆದಿದ್ದೇನೆ. ಬಳೆ ವ್ಯಾಪಾರ.
ಹೂಬಾಯಿಯ ಮುಂದೆ: ಮಣಿ, ದಾರ, ಕನ್ನಡಿ ಚೂರು,
ಕಲಂಗುಟ್ ಮರಳಲ್ಲಿ ಮಾರಲಿಕ್ಕೆ. ಸುಳ್ಳೇನಲ್ಲ.
ಆದರೆ ಮೂರು ಸಾವಿರದಲ್ಲಿ ಎಂಟುನೂರು ಕದ್ದು
ಬಚ್ಚಲಿಗೊಂದು ಬಾಗಿಲು ಹಚ್ಚಿಸಿದಳು, ಒಳಗಿನಿಂದ ಅಗಳಿ.
ಹದಿನಾಲ್ಕರ ಮಗಳು ಮೊದಲ ದಿನ
ಬಕೆಟ್ಟು ಖಾಲಿಯಾದರೂ ಹೊರಗೆ ಬರಲಿಲ್ಲವಂತೆ.
"ಏನ ಮಾಡಾಕತ್ತೀ ಒಳಗ?"
"ಏನಿಲ್ಲವ್ವಾ. ಸುಮ್ನ ನಿಂತೀನಿ."

ದ್ಯಾಮವ್ವ ಬಂದದ್ದು ಎಲ್ಲರೂ ಎದ್ದ ಮೇಲೆ.
ಆರು ಸಾವಿರ ಬೇಕು ಅಂದಳು.
ಯಾತಕ್ಕ ಅಂತ ಬರೀಲಿ?
ತನ್ನ ಚಪ್ಪಲಿ ನೋಡಿದಳು, ಗೋಡೆಯ ಹಲ್ಲಿ ನೋಡಿದಳು.
"ಒಲ್ಲೆ ಅನ್ನಾಕ."

ಗಂಡ ಪರಾಂಚಿಯಿಂದ ಬಿದ್ದ ರಾತ್ರಿ
ಮುಕಾದಮ ಸಿದ್ರಾಮ ಕೊಟ್ಟ ಮುಂಗಡ ಆರು ಸಾವಿರ.
ಎರಡು ವರ್ಷ ಉಸುಕು ಹೊತ್ತರೂ ಅದು ಆರೇ ಸಾವಿರ.
ರವಿವಾರವೂ ಅದೇ ಎಬ್ಬಿಸಿತು ಆಕೆಯನ್ನು,
ಜ್ವರದಲ್ಲೂ ಬುಟ್ಟಿ ಎತ್ತಿಸಿತು,
ತಂಗಿಯ ಮದುವೆಗೆ ಕುಷ್ಟಗಿಯ ಬಸ್ಸು ಹತ್ತಗೊಡಲಿಲ್ಲ.
ಹೊಡೆದವನಲ್ಲ ಸಿದ್ರಾಮ, ಒಂದು ಕೆಟ್ಟ ಮಾತಿಲ್ಲ.
ಅಂಗಿಯ ಕಿಸೆ ಎರಡು ಸಲ ತಟ್ಟುತ್ತಿದ್ದ, ಅಷ್ಟೇ.
ಅದರೊಳಗೆ ಅವನ ಸಣ್ಣ ವಹಿ.

ಸಾಲ ತೀರಿಸಲು ಸಾಲ ಕೊಡುವಂತಿಲ್ಲ,
ಬ್ಯಾಂಕಿನ ಸಾಹೇಬರು ಮೊದಲೇ ಹೇಳಿದ್ದರು.
ನಾನು 'ತರಕಾರಿ' ಎಂದು ಬರೆದೆ,
ದುಂಡಗೆ, ತಪ್ಪಿಲ್ಲದೆ.
ಆ ತರಕಾರಿ ಇನ್ನೂ ಯಾವ ಸಂತೆಗೂ ಬಂದಿಲ್ಲ.

ಹೆಬ್ಬೆರಳು ಎಂಜಲು ಮಾಡಿ ಎರಡು ಸಲ ಎಣಿಸಿದ ಸಿದ್ರಾಮ.
"ಹಾಳಿ ಹರದ ಕೊಡು" ಅಂದಳಂತೆ.
ಮಡಿಚಿದ ಆ ಹಾಳೆ ನನ್ನ ಮುಂದೆ ಹಿಡಿದಳು:
"ನನ್ನ ಹೆಸರ ಎಲ್ಲೈತಿ, ತೋರಸು."
ಹುಡುಕಿದೆ. ಇರಲಿಲ್ಲ.
'ಯಮನೂರಪ್ಪನ ಹೆಂಡತಿ' ಅಂತಿತ್ತು.
ನಮ್ಮ ವಹಿ ತೆರೆದು ಬೆರಳಿಟ್ಟು ತೋರಿಸಿದೆ: ದ್ಯಾ, ಮ, ವ್ವ.
ಮೂರು ಅಕ್ಷರದ ಮೇಲೂ ಬೆರಳಾಡಿಸಿದಳು,
ಒದ್ದೆ ಇದೆಯೇನೋ ಎಂಬಂತೆ.

ಸೋಮವಾರ ನಸುಕಿಗೆ ಕರೆ ಬಂತು. ಒಲ್ಲೆ ಅಂದಳು.
ಬಾಯಿಗೆ ರುಚಿ ಹತ್ತಿತು ಆ ಶಬ್ದ.
ಚಾ ಕುಡೀತೀಯೇನ? ಒಲ್ಲೆ.
ಆಮೇಲೆ ನಕ್ಕು, ಬಟ್ಟಲು ಕಸಿದುಕೊಂಡು ಕುಡಿದಳು.

ಹುಟ್ಟಿದ ಕೂಡಲೇ ಎಲ್ಲರಿಗೂ ಬಂದದ್ದು ಅದು,
ಯಾರೂ ಕೊಡುವುದಲ್ಲ, ಕಸಿಯುವುದಲ್ಲ ಎಂದು
ಏಳನೇ ಇಯತ್ತೆಯ ಪುಸ್ತಕದಲ್ಲಿ ಓದಿದ್ದೆ ನಾನು.
ಆಕೆ ಕೊಂಡುಕೊಂಡಳು. ವಾರಕ್ಕೆ ನೂರೈವತ್ತರಂತೆ
ನಲವತ್ತೆರಡು ವಾರ.

ಹಾಡಿ ಹೊಗಳಲಾರೆ ಈ ವಹಿಯನ್ನು.
ಮಲಿಕಾಬಿಯ ಕಂತು ಮೂರು ವಾರ ತಪ್ಪಿದಾಗ
ಹನ್ನೊಂದು ಮಂದಿ ಹೋಗಿ ಅವಳ ಹೊಸ್ತಿಲಲ್ಲಿ ಕೂತೆವು,
ನನ್ನ ತೊಡೆಯ ಮೇಲೆ ಇದೇ ವಹಿ.
ಅವಳ ಸಣ್ಣ ಹುಡುಗ ಒಬ್ಬೊಬ್ಬರ ಮುಖ ನೋಡಿ ಕೇಳಿದ:
"ಯಾರ ಸತ್ತಾರ?"
ಎದ್ದು ಬಂದೆವು. ದಾರಿಯಲ್ಲಿ ಯಾರೂ ಮಾತಾಡಲಿಲ್ಲ.
ಕೊನೆಯ ಪುಟಕ್ಕೆ ಆ ರಾತ್ರಿಯೇ ಒಂದು ನಿಯಮ ಸೇರಿಸಿದೆ:
ಕಂತು ತಪ್ಪಿದರೆ ಬಾಗಿಲಿಗೆ ಹೋಗಬಾರದು.
ಎಲ್ಲರೂ ಸಹಿ ಹಾಕಿದರು. ಮಲಿಕಾಬಿ ಹಾಕಲಿಲ್ಲ.

ದ್ಯಾಮವ್ವ ಈಗಲೂ ಹೋಗುತ್ತಾಳೆ ಸಿದ್ರಾಮನ ಕೆಲಸಕ್ಕೇ,
ಬೇರೆ ಕೆಲಸ ಎಲ್ಲಿದೆ ಇಲ್ಲಿ.
ಸಂಜೆಯ ಪಗಾರ ಸಂಜೆಗೇ ಕೈಗೆ.
ನಿನ್ನೆ ಐದು ಹೊಡೆಯಿತು, ಸ್ಲ್ಯಾಬು ಅರ್ಧ ಉಳಿದಿತ್ತು.
ಬುಟ್ಟಿ ತೊಳೆದು ಬೋರಲು ಹಾಕಿದಳು.
ಸಿದ್ರಾಮ ನೋಡುತ್ತಲೇ ನಿಂತ,
ಅವನ ಕೈ ಕಿಸೆಗೆ ಹೋಯಿತು.
ಬೀಡಿ ತೆಗೆದ.