ಅಲುಗುವ ಮೇಜು

ಲಿಸ್ಬನ್ನಿನ ಈ ದೊಡ್ಡ ಬೀದಿ ನನಗೆ ಗೊತ್ತಿದ್ದದ್ದು
ಒಂದು ಪ್ಯಾಂಟಿನ ಮೊಣಕಾಲಿನಿಂದ.
ಮೂವತ್ತೆಂಟು ವರ್ಷ, ಸಂಜೆ ಅವನು ಕಳಚಿಟ್ಟದ್ದನ್ನು
ದೀಪಕ್ಕೆ ಹಿಡಿದು ಹೇಳುತ್ತಿದ್ದೆ:
ಇವತ್ತು ಬಿಳಿಕಲ್ಲು. ಇವತ್ತು ಕರಿ.
ಆಮೇಲೆ ಸೂಜಿ, ದಾರ, ತೇಪೆ.

ಈಗ ಹೊಸ ಚಪ್ಪಲಿ ಮೆಟ್ಟಿ
ಅದೇ ಬೀದಿಗೆ ಬಂದಿದ್ದೇನೆ ಊಟಕ್ಕೆ,
ನನಗೆ ಎಪ್ಪತ್ತು ತುಂಬಿತೆಂದು.
ದುಡ್ಡು ಮಗಳು ಝುಲ್ಮಿರಾಳದು. ಆಣೆಯೂ ಅವಳದೇ:
ದುಡ್ಡು ಉಳಿಸಿಕೊಂಡು ಮನೆಗೆ ಬಂದರೆ ನೋಡಿ.

ಕೆಂಪು ಬಸ್ಸಿನ ಮಹಡಿಯಿಂದ ಜನ ಕತ್ತೆತ್ತಿ
ಬಾಲ್ಕನಿ ನೋಡುತ್ತಾರೆ, ಮರ ನೋಡುತ್ತಾರೆ,
ಕಲ್ಲಿನ ಮುದುಕನೊಬ್ಬ ಅಡ್ಡಾಗಿ ಒರಗಿ
ಕಾರಂಜಿ ಕಾಯುವುದನ್ನು ನೋಡುತ್ತಾರೆ,
ನದಿಯಂತೆ ಅವನು, ಗಡ್ಡದ ತುಂಬ ಪಾಚಿ.
ಗಾಜಿನ ಹಿಂದೆ ಒಂದು ಕೈಚೀಲ,
ನಮ್ಮ ಮನೆಯ ಏಳು ತಿಂಗಳ ಬಾಡಿಗೆ,
ಒಳಗೆ ಬರೀ ಕಾಗದ ತುರುಕಿದೆ.

ಅಬೀಲಿಯೊ ಒಬ್ಬ ಮಾತ್ರ ತಲೆ ತಗ್ಗಿಸಿ ನಡೆಯುತ್ತಾನೆ
ಕಾಸು ಕಳಕೊಂಡವನ ಹಾಗೆ.
ಈ ಬಳ್ಳಿ ಎಡಚ ಔರೆಲಿಯಾನೊನದು, ನೋಡು,
ಎಷ್ಟು ಬೈದರೂ ಎಡಕ್ಕೇ ಮಾಲುತ್ತಿತ್ತು.
ಇಲ್ಲಿ ನೀರಿನ ಪೈಪು ಒಡೆದು ಮತ್ತೆ ಹಾಕಿದೆವು.
ಇದು ಝುಲ್ಮಿರಾ ಹುಟ್ಟಿದ ವಾರದ್ದು,
ಕೈ ನಡುಗಿದ್ದು ಕಾಣುತ್ತದಲ್ಲ?
ನನಗೆ ಕಂಡದ್ದು ಒಂದು ಕರಿ ಹೂವು, ಅದರ ಮೇಲೊಂದು ಪಾರಿವಾಳ.
ಕಾಣುತ್ತದೆ ಅಂದೆ.

ಮರದಡಿ ಮೇಜು, ಬಟ್ಟೆಯ ಕರವಸ್ತ್ರ.
ಬಡಿಸುವ ಹುಡುಗ ನೇಪಾಳದವನು, ಖಗೇಂದ್ರ,
ನಮ್ಮ ಮಾತನ್ನು ಒಂದೊಂದೇ ಪದ ಆರಿಸಿ, ತಟ್ಟಿ,
ಸಂದು ಬಿಡದಂತೆ ಕೂರಿಸುತ್ತಾನೆ.
ಮೀನು ತೂಕಕ್ಕಂತೆ. ಎಷ್ಟು ತೂಕ ಎಂದು ಕೇಳಲು ನಾಚಿಕೆ.
ಸೊಪ್ಪಿನ ಸಾರು ಹೇಳಿದೆವು, ಕೆಂಡದಲ್ಲಿ ಸುಟ್ಟ ಬೂತಾಯಿ,
ಒಂದು ಲೋಟ ಬಿಳಿ ವೈನು, ಇಬ್ಬರಿಗೆ.

ವೈನು ಬಂತು, ಮೇಜು ಅಲುಗಿತು.
ತುಳುಕಿ ಎರಡು ಹನಿ ನನ್ನ ತೋಳಿಗೆ.
ಹುಡುಗ ಕಾಗದ ಮಡಚಿ ಕಾಲಿಗೆ ಕೊಡಲು ಬಗ್ಗಿದ.
ಬೇಡಪ್ಪ, ಅಂದ ಅಬೀಲಿಯೊ,
ಕಾಲು ಸರಿಯಾಗಿದೆ, ಕಲ್ಲು ಎದ್ದಿದೆ.
ಅಂದವನೇ ಇಳಿದುಬಿಟ್ಟ. ಎಪ್ಪತ್ತನಾಲ್ಕರ ಮೊಣಕಾಲು,
ಇಸ್ತ್ರಿ ಮಾಡಿದ ಪ್ಯಾಂಟು,
ಬ್ರೆಡ್ಡಿನ ಚಾಕು ತಿರುಗಿಸಿ ಹಿಡಿದು,
ಟಕ್.
ಟಕ್ ಟಕ್.
ಪಕ್ಕದ ಮೇಜಿನವರು ಫೋನು ಎತ್ತಿ ಹಿಡಿದರು.
ನನ್ನ ಮುಖ ಬಿಸಿಯಾಯಿತು. ಏಳು ಮಾರಾಯ, ಏಳು,
ಎಂದು ಹೇಳಲು ಬಾಗಿದೆ.
ಆಗ ಕಂಡಿತು ಅವನ ನೆತ್ತಿ,
ಬೋಳಿನ ಮೇಲೆ ಎಲೆಯ ನೆರಳು, ಕಿವಿ ಹಿಂದೆ ಬೆವರು.
ಮನೆಯಲ್ಲಿ ಎದುರಿಗೆ ಕೂತ ಮುಖ ಕಂಡವಳು ನಾನು.
ಈ ಬೀದಿಗೆ ಗೊತ್ತಿದ್ದದ್ದು
ಇಷ್ಟೇ: ಮೇಲಿನಿಂದ, ಹಾದು ಹೋಗುತ್ತ.
ಬಾಯಿಗೆ ಬಂದ ಮಾತು ಒಳಗೇ ಉಳಿಯಿತು.

ಎದ್ದ, ಮೇಜಿನ ಅಂಚು ಹಿಡಿದು, ಉಸಿರು ಕಟ್ಟಿ.
ಈಗ ಕುಡಿ, ಅಂದ.
ಲೋಟದಲ್ಲಿ ವೈನು ಮಿಸುಕಲಿಲ್ಲ.
ಬೂತಾಯಿ ಆರಿತ್ತು. ಮುಳ್ಳು ಬಿಡಿಸಿ
ಬೆನ್ನಿನ ತುಂಡು ಅವನ ತಟ್ಟೆಗೆ ಸರಿಸಿದೆ,
ಅವನು ಅದನ್ನೇ ನನ್ನ ತಟ್ಟೆಗೆ ವಾಪಸು ಸರಿಸಿದ.

ಬಿಲ್ಲಿನಲ್ಲಿ ಕೇಳದೆ ತಂದಿಟ್ಟ ಆಲಿವ್ ಕಾಯಿಗೂ ಬೆಲೆ ಇತ್ತು,
ಬೆಣ್ಣೆಗೂ, ಮುಟ್ಟದ ಬ್ರೆಡ್ಡಿಗೂ.
ಕಲ್ಲು ಕೂರಿಸಿದ್ದನ್ನು ಯಾರೂ ಕಳೆದಿರಲಿಲ್ಲ.
ಖಗೇಂದ್ರ ಮಾತ್ರ ಮೇಜನ್ನು ಎರಡು ಸಲ ಒತ್ತಿ ನೋಡಿ
ನಕ್ಕ.

ಇಳಿಜಾರಿನಲ್ಲಿ ನನ್ನ ಹೊಸ ಚಪ್ಪಲಿ ಜಾರಿತು,
ಸವೆದ ಕಲ್ಲು, ಗಾಜಿನ ಹಾಗೆ.
ಮೊಣಕೈ ಹಿಡಿದು ನಿಲ್ಲಿಸಿದ.
ಕಲ್ಲಿನದೇನೂ ತಪ್ಪಿಲ್ಲ, ಅಂದ,
ಎಷ್ಟು ಕೊಟ್ಟೆ ಈ ಚಪ್ಪಲಿಗೆ?