ನಾಲ್ಕನೆಯದು

ಫೆಬ್ರವರಿಯ ಮೊದಲ ಮಂಗಳವಾರ, ದ್ವೀಪದ ಪಂಚಾಯ್ತಿ ಕೋಣೆ.
ಹನ್ನೊಂದು ಅರ್ಜಿ, ಮೂರಕ್ಕೆ ಸಾಲುವಷ್ಟು ದುಡ್ಡು.
ಕಿಟಕಿಯಾಚೆ ಬಾಲ್ಟಿಕ್ ಸಮುದ್ರ
ಹೆಪ್ಪುಗಟ್ಟಲೋ ಬೇಡವೋ ಎಂದು ಇನ್ನೂ ನಿರ್ಧರಿಸಿಲ್ಲ.

ಲೆಕ್ಕ ಕೂಡುವವಳು ನಾನು, ವೈಕೆ.
ಮುಖ ನೋಡಿ ಮಣೆ ಹಾಕುವವಳಲ್ಲ.
ಐದು ಅಂಕಣ, ಒಂದೊಂದಕ್ಕೂ ಹತ್ತು ಅಂಕ:
ಖರ್ಚು, ತುರ್ತು, ಎಷ್ಟು ಜನಕ್ಕೆ ಉಪಯೋಗ,
ಎಷ್ಟು ವರ್ಷ ಬಾಳುತ್ತದೆ;
ಕೊನೆಯದು ರಾಜಧಾನಿಯಿಂದ ಬಂದದ್ದು, 'ಹೊಸತನ'.
ಅದನ್ನು ಅಳೆಯುವುದು ಹೇಗೆಂದು ತಿಳಿಯದೆ
ಎಲ್ಲರೂ ಎಲ್ಲದಕ್ಕೂ ಆರು ಕೊಡುತ್ತಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಯಾರ ಕಾಲು ಎಂಬಲ್ಲಿ ಶುರುವಾಗುತ್ತದೆ ಕೆಮ್ಮು.

ಉರ್ಮಸನಿಗೆ ಮೀನು ಹೊಗೆಗಿಡುವ ಶೆಡ್ಡಿಗೆ ತಗಡು ಬೇಕು.
ಶಾಲೆಗೆ ಬಾಯ್ಲರ್: ಮಕ್ಕಳು ಒಂಬತ್ತೇ, ಆದರೆ ಒಂಬತ್ತೂ
ಕೋಟು ತೊಟ್ಟೇ ಮಗ್ಗಿ ಕಲಿಯುತ್ತಿವೆ.
ಪ್ರವಾಸಿಗರಿಗೆ ಹಕ್ಕಿ ನೋಡುವ ಗೋಪುರ.
ಮತ್ತೆ ಲೈನೆಯ ಅರ್ಜಿ, ಏಳನೆಯ ವರ್ಷ, ಅದೇ ನೀಲಿ ಶಾಯಿ:
ದೋಣಿಕಟ್ಟೆಯ ಹದಿನಾಲ್ಕು ಮೆಟ್ಟಿಲಿಗೆ ಒಂದು ಹಿಡಿಕಂಬಿ.

ಕೆಟ್ಟ ಅರ್ಜಿಯಾಗಿದ್ದರೆ ಎಂದೋ ತಿರಸ್ಕರಿಸಿ ಮುಗಿಸುತ್ತಿದ್ದೆವು.
ಕೆಟ್ಟದ್ದಲ್ಲ. ಪ್ರತಿವರ್ಷ ನಾಲ್ಕನೆಯದು.
ಒಮ್ಮೆ ರೋಗಿಗಳ ಜಾರುಬಂಡಿಯ ಹಿಂದೆ,
ಒಮ್ಮೆ ಬಾವಿಯ ಪಂಪಿನ ಹಿಂದೆ.
ಎಲ್ಲರೂ ತಲೆದೂಗುವ, ಯಾರೂ ಕೈಯೆತ್ತದ ಜಾಗ
ನಾಲ್ಕು.

ಒಂದು ವರ್ಷ, ಹೇಳಿಬಿಡುತ್ತೇನೆ,
'ತುರ್ತು' ಅಂಕಣದ ತೂಕ ಒಂದು ಚೂರು ಹೆಚ್ಚಿಸಿದ್ದೆ,
ರಾತ್ರಿ, ಒಬ್ಬಳೇ.
ಕಂಬಿ ಮೇಲೇರಲಿಲ್ಲ. ಮೇಲೇರಿದ್ದು
ಅಧ್ಯಕ್ಷ ಅರ್ವೋ ಇರುವ ಬೀದಿಯ ಚರಂಡಿ.
ಬೆಳಗಾಗುವ ಮೊದಲು ಮತ್ತೆ ಹಿಂದಿನಂತೆ ಮಾಡಿಟ್ಟೆ.

ಈ ಸಲ ಇನ್ನೂ ಕೂಡುತ್ತಿದ್ದೆ, ಬಾಗಿಲಲ್ಲಿ ತೀಟ್,
ಟೋಪಿಯ ಮೇಲೆ ಹಿಮ, ಹೆಬ್ಬೆರಳಿಗೆ ಬಟ್ಟೆ ಪಟ್ಟಿ.
"ಲೈನೆಯದನ್ನು ತೆಗೆದುಬಿಡಿ," ಎಂದ.
"ಭಾನುವಾರ ನಾನೂ ಭಾವನೂ ಸೇರಿ ಹಾಕಿದೆವು.
ಅಜ್ಜನ ದೋಣಿಯ ಹುಟ್ಟುಗಳು ಸುಮ್ಮನೆ ಬಿದ್ದಿದ್ದವು."

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಉರ್ಮಸ್ ಕಾಫಿ ಲೋಟ ತಿರುಗಿಸುತ್ತ ಕುಳಿತ.
ಅರ್ವೋ ಕೇಳಿದ: ಇದಕ್ಕೆ ಅನುಮತಿ ಇತ್ತೆ?

ನನ್ನ ಪಟ್ಟಿಯಲ್ಲಿ ಖಾನೆಗಳು ಎರಡೇ, ಮಂಜೂರು, ನಾಮಂಜೂರು.
ಎರಡರ ನಡುವಿನ ಗೆರೆಯ ಮೇಲೆ
ಸಣ್ಣಕ್ಷರದಲ್ಲಿ ಬರೆದೆ: ಆಗಿದೆ.
ಐದನೆಯದಾಗಿದ್ದ ಸ್ಮಶಾನದ ಗೇಟು
ಸದ್ದಿಲ್ಲದೆ ನಾಲ್ಕಕ್ಕೆ ಬಂದು ನಿಂತಿತು.

ಸಂಜೆ ದೋಣಿಕಟ್ಟೆಗೆ ಹೋದೆ. ಕತ್ತಲು.
ಯಾರ್ಯಾರೋ ಹಿಡಿದು ಹಿಡಿದು ನುಣುಪಾದ ಮರ;
ಒಂಬತ್ತನೆಯ ಮೆಟ್ಟಿಲ ಬಳಿ ಮೊಳೆಯೊಂದು ಹೊರಚಾಚಿದೆ.
ಹದಿನಾಲ್ಕು ಇಳಿದೆ. ಹದಿನಾಲ್ಕು ಹತ್ತಿದೆ.
ಮೊಳೆಯ ವಿಷಯ ತೀಟ್‌ಗೆ ಹೇಳಬೇಕು.