ಬಿದ್ದರೆ ಎಲ್ಲಿ

ಹೆಸರು ಉದ್ದ, ಫಿನೋಬಾರ್ಬಿಟೋನ್.
ಗುಳಿಗಿ ಮಾತ್ರ ಜೋಳದ ಕಾಳಿನಷ್ಟು, ಬಿಳಿ.
ಚಿತ್ತಾಪುರದ ಮಂದಿಗೆ ಅದು ‘ಬೀಳದ ಗುಳಿಗಿ’.
ಹದಿನಾಲ್ಕು ವರ್ಷ ಈ ಕಿಟಕಿಯ ಹಿಂದೆ ಕುಂತು
ನಾನೂ ಈಗ ಹಾಗೇ ಅನ್ನುತ್ತೇನೆ.

ಕಾರಹುಣ್ಣಿಮೆಯಿಂದ ಅದು ಬಂದಿಲ್ಲ.
ಕಲಬುರಗಿ ಗೋದಾಮಿಗೆ ಮೂರು ಇಂಡೆಂಟು ಹಾಕಿದೆ.
ಮೊದಲನೆಯದಕ್ಕೆ ಉತ್ತರ: ಮುಂದಿನ ವಾರ.
ಎರಡನೆಯದಕ್ಕೆ: ಕಂಪನಿಯಿಂದಲೇ ಇಲ್ಲ.
ಮೂರನೆಯದಕ್ಕೆ ಫೋನೆತ್ತಿದ ಹುಡುಗ
ಉಣ್ಣುತ್ತಿದ್ದ, ಬಾಯಿ ತುಂಬಿತ್ತು.
‘ಅಕ್ಕಾರ, ನಮ್ಮ ಅವ್ವಗೂ ಸಿಕ್ಕಿಲ್ರಿ’ ಅಂದ.
ಆಮೇಲೆ ನಾನು ಫೋನು ಮಾಡಲಿಲ್ಲ.

ಡಾಕ್ಟರು ಒಂಬತ್ತು ಮಂದಿಗೆ ಬೇರೆ ಗುಳಿಗಿ ಬರೆದರು.
ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುತ್ತದೆ,
ಒಂದು ಸ್ಟ್ರಿಪ್ಪಿಗೆ ಒಂದು ದಿನದ ಕೂಲಿ.
ನಾಲ್ವರು ಆ ಚೀಟಿಯನ್ನು ಮಡಚಿ ವಾಪಸು ತಂದು
ನನ್ನ ಮುಂದಿಟ್ಟು ಸುಮ್ಮನೆ ನಿಂತರು,
ನಾನು ಅದನ್ನು ಚಿಲ್ಲರೆ ಮಾಡಿಕೊಡುವವಳು ಎಂಬಂತೆ.

ಡಬ್ಬಿಯಲ್ಲಿ ಉಳಿದದ್ದು ಇಪ್ಪತ್ತಾರು ಸ್ಟ್ರಿಪ್ಪು.
ಪುಸ್ತಕದಲ್ಲಿ ನಲವತ್ತು ಹೆಸರು.

ಆ ರಾತ್ರಿ ಪುಸ್ತಕ ಮನೆಗೆ ಒಯ್ದೆ.
ಮೊದಲು ಬಂದವರಿಗೆ ಮೊದಲು ಅಂತಲ್ಲ,
ವಯಸ್ಸಿನ ಲೆಕ್ಕವಲ್ಲ, ಕಾರ್ಡಿನ ನಂಬರಲ್ಲ.
ಎಲ್ಲ ಹೆಸರೂ ಹೊಸದಾಗಿ ಬರೆದೆ, ಒಂದೇ ಪ್ರಶ್ನೆ ಇಟ್ಟುಕೊಂಡು:
ಬಿದ್ದರೆ ಎಲ್ಲಿ ಬೀಳುತ್ತಾರೆ?

ಭಾಗಮ್ಮ. ಖಾನಾವಳಿ, ಒಲೆಯ ಮುಂದೆ ದಿನಕ್ಕೆ ಮುನ್ನೂರು ರೊಟ್ಟಿ.
ಬೆಂಕಿ. ಪೂರ್ತಿ ಕೊಡು.
ಲಾಡ್ಲೇಸಾಬ. ಪರ್ಸಿ ಖಣಿಯ ಅಂಚು, ಕೆಳಗೆ ಮೂವತ್ತು ಅಡಿ. ಪೂರ್ತಿ.
ಕಾಗಿಣಾ ದಂಡೆಯಲ್ಲಿ ಬಟ್ಟೆ ಒಗೆಯುವ ಜಗದೇವಿ.
ನೀರು ಮೊಣಕಾಲಿನಷ್ಟೇ ಅಂತಾಳೆ. ಸಾಕಲ್ಲ ಅಷ್ಟು.
ರಾಜಾಬಿ, ಕಂಕುಳಲ್ಲಿ ಎಂಟು ತಿಂಗಳ ಕೂಸು.
ಅವಳು ಬಿದ್ದರೆ ಇಬ್ಬರು.
ತಹಶೀಲ ಕಚೇರಿಯ ಜವಾನ ಸಾಯಬಣ್ಣ. ಕುರ್ಚಿ. ಅರ್ಧ.
ದೇವೀಂದ್ರ, ಒಂಬತ್ತನೆಯ ಇಯತ್ತೆ.
ಶಾಲೆ, ಬೆಂಚು, ಮಣ್ಣಿನ ಅಂಗಳ.
ಪೆನ್ಸಿಲು ಎತ್ತಿದೆ, ಇಳಿಸಿದೆ.
‘ಮಣ್ಣು ಮೆತ್ತಗಿರುತ್ತದೆ, ಕಾಯಬಹುದು’ ಅಂತ ಬರೆದು
ದೀಪ ಆರಿಸಿದೆ, ಇಲ್ಲದಿದ್ದರೆ ಅಳಿಸುತ್ತಿದ್ದೆ.

ಬೆಳಿಗ್ಗೆ ಡಾಕ್ಟರು ಓದದೆ ಸಹಿ ಹಾಕಿದರು.
ಅಥವಾ ಓದಿಯೇ ಹಾಕಿದರು.

‘ಬಂದಾದೇನ್ರಿ?’
‘ಇಲ್ರಿ.’
ಈ ಎರಡು ಅಕ್ಷರ ದಿನಕ್ಕೆ ಎಷ್ಟು ಸಲ ಅಂದೆನೆಂದರೆ
ಮನೆಯಲ್ಲಿ ಉಪ್ಪು ಕೇಳಿದರೂ ಅದೇ ಬಾಯಿಗೆ ಬರುತ್ತಿತ್ತು,
ಉಪ್ಪಿನ ಡಬ್ಬಿ ಕೈಯಲ್ಲೇ ಇರುವಾಗ.

ಗುರುವಾರ ಸಾಯಬಣ್ಣ ಬಂದ.
ಪೇಪರಿನ ಪುಡಿಕೆ ಬಿಚ್ಚಿದ, ಒಳಗೆ ಏಳು ಗುಳಿಗಿ.
‘ನಾ ಬಿದ್ರ ಫೈಲಿನ ಮ್ಯಾಲ ಬೀಳಾಂವ.
ಒಲಿ ಮುಂದ ಕುಂದ್ರಾಕಿಗಿ ಕೊಡ್ರಿ.’
ನನ್ನ ಯಾದಿ ನಾನು ಯಾರಿಗೂ ತೋರಿಸಿರಲಿಲ್ಲ.
ಅವನೂ ತನ್ನ ಮನೆಯಲ್ಲಿ ಕುಂತು
ಅದೇ ಲೆಕ್ಕ ಮಾಡಿದ್ದನೋ ಏನೋ.
ವಾಪಸು ಬಂದದ್ದನ್ನು ಬರೆಯುವ ಕಲಮು
ಸರಕಾರಿ ರಜಿಸ್ಟರಿನಲ್ಲಿ ಇಲ್ಲ.
ಸ್ಕೇಲು ತಗೊಂಡು ಒಂದು ಗೆರೆ ಹೊಡೆದೆ.

ಶುಕ್ರವಾರ ದೇವೀಂದ್ರ.
ಗದ್ದಕ್ಕೆ ನಾಲ್ಕು ಹೊಲಿಗೆ, ಮೇಲೆ ಹಳದಿ ಔಷಧ.
‘ಶಾಲ್ಯಾಗ ಬಿದ್ದೇನಪಾ?’
‘ಅಲ್ರಿ, ಇಲ್ಲೇ. ನಿಮ್ಮ ಮೆಟ್ಟಲ ಮ್ಯಾಲ.
ಮೊನ್ನಿ ಸಂಜಿಮುಂದ ಕೇಳಲಕ ಬಂದಿದ್ದೆ.
ಕಿಟಕಿ ಮುಚ್ಚಿತ್ರಿ.’

ನಮ್ಮ ದವಾಖಾನೆಯ ಮೆಟ್ಟಿಲು ಪರ್ಸಿ ಕಲ್ಲಿನದು.
ಲಾಡ್ಲೇಸಾಬನಂಥವರೇ ಕಡಿದದ್ದು,
ಹೊಸದಿದ್ದಾಗ ನಾವೆಲ್ಲ ಮೆಚ್ಚಿದ್ದೆವು, ಎಷ್ಟು ಚೂಪು ಅಂಚು ಅಂತ.
ಅದು ನನ್ನ ಯಾದಿಯಲ್ಲಿ ಇರಲಿಲ್ಲ.

‘ಬಂದಾದೇನ್ರಿ?’ ಅಂದ.

ಪುಡಿಕೆ ಡ್ರಾಯರಿನಲ್ಲಿತ್ತು.
ಭಾಗಮ್ಮನ ಗುಳಿಗಿ ನಾಳೆಗೆ ಮುಗಿಯುತ್ತವೆ,
ಸಂಜೆ ಹಿಟ್ಟಿನ ಕೈಯಲ್ಲೇ ಬರುವವಳು.
ನಾನು ತಲೆ ಎತ್ತಿ ನೋಡಿದೆ.
ಹುಡುಗ ಮೆಟ್ಟಿಲ ಮೇಲೆ ನಿಂತಿರಲಿಲ್ಲ.
ಒಂದು ಹೆಜ್ಜೆ ಸರಿದು, ಕತ್ತು ಉದ್ದ ಮಾಡಿ ಕಿಟಕಿಯೊಳಗೆ ಇಣುಕುತ್ತ,
ಪಕ್ಕದ ಮಣ್ಣಿನ ಮೇಲೆ ನಿಂತಿದ್ದ.